ಪಿನ್ ಹೇಳಬ್ಯಾಡ ದೊಡ್ಡವ್ವ

ಶಿಗ್ಗಾವಿ ತಾಲೂಕಿನ ನಮ್ಮ ಹಿರೇಬೆಂಡಿಗೇರಿಗೆ ಬೆಂಗಳೂರಿನಿಂದ ಹೋದರೆ, ಚಾ ಬರೋದ್ರೊಳಗೆ ಕೈಗೆ ಎರಡು ಮೂರು ಫೋನ್ ಬಂದಿರ್ತಾವೆ. 'ಇದ್ಯಾಕೋ ರೊಕ್ಕ ಹೋಗವಲ್ದು, ನೋಡು.' ಸಾಫ್ಟ್‌ವೇರಿನವನಿಗೆ ಫೋನಿನ ಎಲ್ಲ ರೋಗಕ್ಕೂ ಮದ್ದು ಗೊತ್ತು ಅನ್ನೋದು ಊರಿನ ನಂಬಿಕೆ. ರೋಗಗಳೂ ಸಣ್ಣವೇ ಬಿಡಿ. ಡೇಟಾ ಆಫ್ ಆಗಿರ್ತದೆ, ಏರೋಪ್ಲೇನ್ ಮೋಡ್ ಆನ್ ಆಗಿರ್ತದೆ. ಇಲ್ಲಾಂದ್ರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನೇ ಮೊಮ್ಮಗ ತೆಗೆದು ತನ್ನ ಫೋನಿಗೆ ಹಾಕ್ಕೊಂಡಿರ್ತಾನೆ. ಆ್ಯಪ್ ಗುರುತು ಹಿಡಿಯೋದು ಆ ಸಿಮ್ಮನ್ನ, ಅಜ್ಜನ ಮುಖವನ್ನಲ್ಲ. 'ಪೆಂಡಿಂಗ್' ಅಂತ ಬಂದಾಗ ಗಾಬರಿಯಿಂದ ಇನ್ನೊಮ್ಮೆ ಕಳಿಸಿ ಎರಡು ಸಲ ರೊಕ್ಕ ಕಳಕೊಂಡವರೂ ಇದ್ದಾರೆ. ಸ್ವಲ್ಪ ಕಾಯಬೇಕು, ಅಷ್ಟೇ.

ಕಷ್ಟ ಇರೋದು ರಿಪೇರಿಯಲ್ಲಿ ಅಲ್ಲ. ಫೋನ್ ಕೊಡುವಾಗಲೇ ದೊಡ್ಡವ್ವ ಪಿನ್ನನ್ನೂ ಹೇಳಿಬಿಡ್ತಾಳೆ, ಕಟ್ಟೆ ಮೇಲಿನ ನಾಲ್ಕು ಮಂದಿಗೆ ಕೇಳುವ ಹಾಗೆ. 'ಅದನ್ನ ಯಾರಿಗೂ ಹೇಳಬ್ಯಾಡ ದೊಡ್ಡವ್ವ, ನನಗೂ' ಅಂದೆ. 'ಯಾಕ, ನೀ ಏನು ಕಳ್ಳ ಏನ?' ಅಂದಳು. ನಗುತ್ತಲೇ ಅಂದದ್ದು, ಆದರೆ ಮುಖ ಸಣ್ಣದಾಗಿತ್ತು.

ಆ ಪ್ರಶ್ನೆಯನ್ನು ಹಳ್ಳಿಯವರ ಅಜ್ಞಾನ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಓದು ಬಾರದವರ ಪತ್ರವನ್ನು ಪೋಸ್ಟ್‌ಮ್ಯಾನೇ ಓದಿ ಹೇಳ್ತಿದ್ದ, ಮನಿಆರ್ಡರ್ ರೊಕ್ಕ ಎಣಿಸಿ ಕೊಡ್ತಿದ್ದ. ಮನೆಯ ಗುಟ್ಟು ಅವನಿಗೂ ಗೊತ್ತಿರ್ತಿತ್ತು. ಅಲ್ಲಿ ಮುಚ್ಚಿಡೋದು ಅಂದ್ರೆ ದೂರ ಇಡೋದು. ಹಾಗೆ ಬದುಕಿದವಳಿಗೆ, ನಿನ್ನ ನಾಲ್ಕಂಕಿ ನನಗೆ ಬೇಡ ಅಂದ್ರೆ, ನೀನು ನನ್ನವಳಲ್ಲ ಅಂದ ಹಾಗೇ ಕೇಳಿಸ್ತದೆ.

ಆದರೂ ನಾನು ಬೇಡ ಅಂತಲೇ ಹೇಳ್ತೀನಿ. ಪೋಸ್ಟ್‌ಮ್ಯಾನ್ ಕೆಲಸ ಮುಗಿಸಿ ಮುಂದಿನ ಮನೆಗೆ ಹೋಗ್ತಿದ್ದ, ಪಿನ್ ಗೊತ್ತಿದ್ದವನು ಹೋಗೋದಿಲ್ಲ. ಖಾತೆಯ ಕೀಲಿ ಅವನ ತಲೆಯಲ್ಲೇ ಉಳೀತದೆ. ನಾಳೆ ಐನೂರು ರೂಪಾಯಿ ಲೆಕ್ಕ ತಪ್ಪಿದರೆ ದೊಡ್ಡವ್ವ ಯಾರನ್ನ ಕೇಳಬೇಕು? ಪ್ರೀತಿಯ ಮೊಮ್ಮಗನನ್ನ ಕೇಳೋಕಾಗಲ್ಲ, ಕೇಳದೆ ಮನಸ್ಸು ಸುಮ್ಮನಿರಲ್ಲ. ಕೇಳೋಕಾಗದವನ ಕೈಗೆ ಎಲ್ಲವನ್ನೂ ಕೊಡಿಸುವ ನಂಬಿಕೆ ಅವಳನ್ನ ಕಾಯೋದಿಲ್ಲ, ಬಾಯಿ ಮುಚ್ಚಿಸ್ತದೆ. ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಅವಳ ಹೆಸರಿಗೇ ಬರಲಿ ಅಂತ ಸರ್ಕಾರ ಇಟ್ಟಿರೋದು. ಪಿನ್ ಮನೆಮಂದಿಗೆಲ್ಲ ಗೊತ್ತಿದ್ರೆ ಉಳಿಯೋದು ಹೆಸರು ಮಾತ್ರ.

ಆ ಹೆಸರಿಗೆ ಇನ್ನೊಂದು ಮುಖ ಇದೆ. 2025ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ಜಿಎಸ್‌ಟಿ ನೋಟಿಸ್ ಬಂತು. ನಾಲ್ಕು ವರ್ಷದಲ್ಲಿ 1.63 ಕೋಟಿ ವಹಿವಾಟು ಅಂತ ಯುಪಿಐ ಲೆಕ್ಕ ಹೇಳಿತ್ತು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ ಅನ್ನೋದು ಬೇರೆ ಮಾತು. ಕೆಲವು ಕಡೆ ಅಂಗಡಿಯವರು ಕ್ಯೂಆರ್ ಕೋಡ್ ತೆಗೆದು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ರು. ನನಗೆ ಅದರಲ್ಲಿ ಕಂಡದ್ದಿಷ್ಟು: ಬಟನ್ ಯಾರೇ ಒತ್ತಲಿ, ಉತ್ತರ ಕೊಡಬೇಕಾದವರು ಖಾತೆಯ ಹೆಸರಿನವರು. ಹಾಗಿದ್ದಮೇಲೆ ಒತ್ತುವ ಬೆರಳೂ ಅವರದೇ ಇರಬೇಕಲ್ವಾ?

ಇಲ್ಲಿ ನಮ್ಮಂಥವರ ಅವಸರ ಅಡ್ಡ ಬರ್ತದೆ. 'ತಾ ಇಲ್ಲಿ' ಅಂತ ಫೋನ್ ಕಸಿದುಕೊಂಡು ಅರ್ಧ ನಿಮಿಷದಲ್ಲಿ ಮುಗಿಸಿ ವಾಪಸ್ ಕೊಡೋದಕ್ಕೆ ನಾವು ಸಹಾಯ ಅಂತ ಹೆಸರಿಟ್ಟಿದೀವಿ. ಅವರಿಗೆ ಸಿಕ್ಕಿದ್ದೇನು? ಮುಂದಿನ ಸಲವೂ ನಿನ್ನ ದಾರಿ ಕಾಯಬೇಕು ಅನ್ನೋ ಪಾಠ. ಹತ್ತು ರೂಪಾಯಿಯನ್ನ ಮಗಳ ನಂಬರಿಗೆ ದೊಡ್ಡವ್ವ ತಾನೇ ಕಳಿಸಲಿ ಅಂತ ಪಕ್ಕದಲ್ಲಿ ಕೂತರೆ ಕಾಲು ತಾಸು ಹಿಡೀತದೆ, ಎರಡು ಸಲ ತಪ್ತದೆ. ಪಿನ್ ಒತ್ತುವಾಗ ನಾನು ಬೇವಿನ ಮರ ನೋಡ್ತಾ ಕೂರ್ತೀನಿ. ರೊಕ್ಕ ಬರೋದಕ್ಕೆ ಪಿನ್ ಬೇಕಾಗಿಲ್ಲ, ಹೋಗೋದಕ್ಕೆ ಮಾತ್ರ ಬೇಕು ಅನ್ನೋದನ್ನ ಅವಳು ಒಮ್ಮೆ ಹಿಡಕೊಂಡರೆ, ನಿಮಗೆ ರೊಕ್ಕ ಬಂದದೆ, ಪಿನ್ ಒತ್ತಿ ಅನ್ನುವ ಅರ್ಧಕ್ಕರ್ಧ ಮೋಸಗಾರರು ಅಲ್ಲೇ ಸೋಲ್ತಾರೆ.

ಕಣ್ಣಿಗೆ ಪೊರೆ ಬಂದವರು, ಕೈ ನಡುಗುವವರು ಏನು ಮಾಡಬೇಕು? ಅವರಿಗೆ ಇನ್ನೊಬ್ಬರ ಬೆರಳು ಬೇಕೇ ಬೇಕು, ಅದನ್ನ ನಾನು ಅಲ್ಲಗಳೆಯೋದಿಲ್ಲ. 2024ರಲ್ಲಿ ಯುಪಿಐ ಸರ್ಕಲ್ ಅಂತ ಬಂತು. ಮೊಮ್ಮಗ ತನ್ನ ಫೋನಿನಿಂದಲೇ ಅಜ್ಜಿಯ ಖಾತೆಯಿಂದ ಕೊಡಬಹುದು, ಆದರೆ ತಿಂಗಳಿಗೆ ಹದಿನೈದು ಸಾವಿರದೊಳಗೆ ಮಿತಿ ಹಾಕೋದು ಅಜ್ಜಿ. ಬೇಕಂದ್ರೆ ಪ್ರತಿಯೊಂದಕ್ಕೂ ತಾನೇ ಒಪ್ಪಿಗೆ ಕೊಡ್ತಾಳೆ, ಬೇಡವಾದಾಗ ಕಿತ್ತುಹಾಕ್ತಾಳೆ. ಪಿನ್ ಅವಳಲ್ಲೇ ಇರ್ತದೆ. ಇದನ್ನ ದೊಡ್ಡವ್ವಗೆ ವಿವರಿಸಿದೆ. ಪೂರಾ ಕೇಳಿಸ್ಕೊಂಡಳು. 'ಮಿತಿ ಹಾಕಿದ್ದು ಆ ಹುಡುಗಗ ಗೊತ್ತಾಗ್ತದೇನ?' ಅಂದಳು. ಗೊತ್ತಾಗ್ತದೆ ಅಂದೆ. 'ಹಂಗಾರ ಮೊದಲ ಅವನ ಕೂಡ ಮಾತಾಡ್ತೀನಿ, ತಡಿ.'