ಬಲವಿಲ್ಲದವರ ಪಾಲು

ತನಗಿಲ್ಲದ ಬಲವನ್ನು ಕಲ್ಪನೆಯಲ್ಲಾದರೂ ಪಡೆಯಬೇಕೆಂಬುದು ಮನುಷ್ಯನ ಹಳೆಯ ಆಸೆ. 1938ರಲ್ಲಿ ಅಮೆರಿಕದ ಚಿತ್ರಕಥೆಗಳಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಂದಿನಿಂದ ಆ ಆಸೆಗೆ ಹೊಸದೊಂದು ವೇಷ ದೊರೆಯಿತು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟವಾಗಿ ಪಾತ್ರಧಾರಣೆಯ ಆಟವು ಬಳಕೆಗೆ ಬಂದಮೇಲೆ, ಕಥೆಯನ್ನು ಓದುತ್ತಿದ್ದವನೇ ಅದರ ವೀರನಾಗುವುದೂ ಸಾಧ್ಯವಾಯಿತು. ಮೇಜಿನ ಸುತ್ತ ಕುಳಿತ ಗೆಳೆಯರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುವರು. ಸಂದೇಹದ ಫಲವನ್ನು ದಾಳವು ನಿರ್ಣಯಿಸುವುದು. ಉಳಿದ ಲೋಕವೆಲ್ಲವೂ ಸೂತ್ರಧಾರನೊಬ್ಬನ ಕೈಯಲ್ಲಿರುವುದು.

ಅಚ್ಚಾದ ಕಥೆಗಳ ಲೋಕವನ್ನೇ ತಂದಿಟ್ಟರೆ ಮುಂದೇನಾಗುವುದೆಂಬುದನ್ನು ಆಡುವವರು ಮೊದಲೇ ಬಲ್ಲರು. ಆದುದರಿಂದ ಸೂತ್ರಧಾರನು ಇತಿಹಾಸವು ಬೇರೆ ದಾರಿ ಹಿಡಿದ ಮತ್ತೊಂದು ಲೋಕವನ್ನು ಯೋಜಿಸುವುದುಂಟು. ಆಗ ಅವನು ಉತ್ತರ ಹೇಳಬೇಕಾದ ಪ್ರಶ್ನೆಗಳು ಮೂರು: ಬಲವು ಎಲ್ಲಿಂದ ಬಂದಿತು? ಯಾರಿಗೆ ಬಂದಿತು? ಬಾರದವರ ಗತಿಯೇನು?

ಮೇಜಿನ ಸುತ್ತ ಕುಳಿತವರಿಗೆ ನ್ಯಾಯ ದೊರಕಿಸುವುದು ಕಷ್ಟವಲ್ಲ. 1981ರ ‘ಚಾಂಪಿಯನ್ಸ್’ ಎಂಬ ಆಟದಲ್ಲಿ ಎಲ್ಲರಿಗೂ ಆರಂಭದಲ್ಲಿ ಸಮನಾದ ಅಂಕಗಳು. ಶಕ್ತಿಯನ್ನು ಆ ಅಂಕಗಳಿಂದ ಕೊಳ್ಳಬೇಕು. ದೌರ್ಬಲ್ಯವನ್ನು ಒಪ್ಪಿಕೊಂಡವನಿಗೆ ಮತ್ತಷ್ಟು ಅಂಕ. ಅಲ್ಲಿ ಪಂಕ್ತಿಭೇದವಿಲ್ಲ. ಆದರೆ ವೀರರಿಬ್ಬರ ಕಾಳಗದಲ್ಲಿ ಕುಸಿದ ಮನೆಯವನಿಗೆ ಆ ಪಂಕ್ತಿಯಲ್ಲಿ ಎಲೆಯೇ ಇಲ್ಲ. ಅವನ ಪರವಾಗಿ ದಾಳವೆಸೆಯುವವರು ಯಾರು?

ಇಲ್ಲದ ಊರಿನ ಇಲ್ಲದ ಮನೆ ಬಿದ್ದರೆ ಯಾರಿಗೆ ನೋವು ಎಂದು ಕೇಳಬಹುದು. ಮನೆ ಕಲ್ಪಿತವೆಂಬುದು ನಿಜ. ಅದನ್ನು ಕಂಡೂ ಕಾಣದಂತೆ ನಡೆದ ಮನಸ್ಸು ಕಲ್ಪಿತವಲ್ಲ. ಸಂಜೆಯೆಲ್ಲ ಒಂದು ನೋಟವನ್ನು ಅಭ್ಯಾಸ ಮಾಡಿದವನು ಆಟ ಮುಗಿಸಿ ಏಳುವಾಗ ಆ ಕಣ್ಣುಗಳನ್ನು ಮೇಜಿನ ಮೇಲೆ ಬಿಟ್ಟು ಹೋಗಲಾರನು.

ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಮತ್ತು ಅವರ ಲೇಖಕ ಮಿತ್ರರು ‘ಸೂಪರ್‌ವರ್ಲ್ಡ್’ ಎಂಬ ಇಂತಹ ಆಟವನ್ನು ಆಡುತ್ತಿದ್ದರು. ಅದರಿಂದ ಹುಟ್ಟಿದ ‘ವೈಲ್ಡ್ ಕಾರ್ಡ್ಸ್’ ಕಥಾಮಾಲೆಯು 1987ರಲ್ಲಿ ಆರಂಭವಾಯಿತು. ಆ ಕಥೆಗಳ ಲೋಕದಲ್ಲಿ 1946ರಲ್ಲಿ ಅನ್ಯಗ್ರಹದ ವೈರಾಣುವೊಂದು ನ್ಯೂಯಾರ್ಕಿನ ಮೇಲೆ ಹರಡುತ್ತದೆ. ಅದಕ್ಕೆ ಸಿಕ್ಕಿದ ನೂರು ಮಂದಿಯಲ್ಲಿ ತೊಂಬತ್ತು ಮಂದಿ ಸಾಯುವರು. ಒಂಬತ್ತು ಮಂದಿ ವಿಕಾರಗೊಂಡು ಬದುಕುವರು. ಒಬ್ಬನಿಗೆ ಮಾತ್ರ ಅದ್ಭುತ ಶಕ್ತಿ. ಆ ವಿಕಾರಗೊಂಡವರಿಗೂ ಅಲ್ಲಿ ಒಂದು ಕೇರಿಯಿದೆ, ಹೆಸರಿದೆ, ಕಥೆಯಿದೆ. ಶಕ್ತನಾದವನ ಬಲವು ಅವನ ಅರ್ಹತೆಯಲ್ಲ, ಅದೃಷ್ಟ ಮಾತ್ರವೆಂದು ಆ ಲೋಕದ ರಚನೆಯೇ ಸಾರುತ್ತದೆ.

ಹಾಗೆಂದು ಸೂತ್ರಧಾರನು ಉಪದೇಶಕನಾಗಬೇಕಿಲ್ಲ. ಫಲವನ್ನು ಮೊದಲೇ ಗೊತ್ತುಮಾಡಿದರೆ ಆಡುವವನಿಗೆ ಆಯ್ಕೆಯುಳಿಯದು. ಆಯ್ಕೆಯಿಲ್ಲದೆಡೆ ಧರ್ಮಾಧರ್ಮಗಳೂ ಇಲ್ಲ. ಬಿದ್ದ ಮನೆಯವನಿಗೆ ಒಂದು ಹೆಸರು, ಒಂದು ಕಸುಬು, ವೀರನನ್ನು ಕೇಳಲು ಒಂದು ಪ್ರಶ್ನೆ, ಇಷ್ಟನ್ನು ಕೊಟ್ಟರೆ ಸಾಕು. ಉತ್ತರವು ವೀರನದು. ಬಲವುಳ್ಳವರಿಗೆ ಆಡುವವರು ಹಲವರುಂಟು. ಬಲವಿಲ್ಲದವರಿಗೆ ಇರುವವನು ಸೂತ್ರಧಾರನೊಬ್ಬನೇ.