ಸವೆಯಲೆಂದೇ ಮಾಡಿದ ಭಾಗಗಳು

ಹಳೆಯ ಯಂತ್ರವೊಂದನ್ನು ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನು ತೆಗೆದು, ಅವುಗಳ ಜಾಗದಲ್ಲಿ ಹೊಸವನ್ನು ಕೂರಿಸಿ ಮತ್ತೆ ಓಡಿಸಿದಾಗ, ಓಡುತ್ತಿರುವುದು ಮೊದಲಿನ ಯಂತ್ರವೇ ಅಥವಾ ಅದರ ರೂಪ ಹೊತ್ತ ಬೇರೊಂದು ಯಂತ್ರವೇ ಎಂಬ ಪ್ರಶ್ನೆ ತತ್ತ್ವಶಾಸ್ತ್ರದ ತರಗತಿಗೆ ಸೇರಿದ್ದೆಂದು ತೋರಬಹುದಾದರೂ, ಹೊಲದಲ್ಲಿ, ಗಿರಣಿಯಲ್ಲಿ, ಸಮುದ್ರದ ದಂಡೆಯಲ್ಲಿ ಯಂತ್ರದೊಂದಿಗೆ ಬಾಳುವವರು ಅದಕ್ಕೆ ದಿನನಿತ್ಯವೂ ಉತ್ತರ ಕೊಡುತ್ತಲೇ ಇರುತ್ತಾರೆ. ಲೈನರು, ಪಿಸ್ಟನ್ನು, ಬೇರಿಂಗು ಎಲ್ಲವೂ ಬದಲಾದ ಎಂಜಿನ್ನನ್ನು ರೈತನೊಬ್ಬ ‘ಅಪ್ಪನ ಕಾಲದ್ದು’ ಎಂದು ಕರೆದರೆ ಅವನ ಮಾತು ಸರಿಯೆಂಬುದೇ ಈ ಪ್ರಬಂಧದ ನಿಲುವು. ಅದು ಏಕೆ ಸರಿ ಎಂಬುದನ್ನು ಕಂಡುಕೊಳ್ಳಬೇಕಾದರೆ ಯಂತ್ರದ ಒಳಗನ್ನೇ ನೋಡಬೇಕಾಗುತ್ತದೆ. ವಸ್ತುವಿನ ಅನನ್ಯತೆಯ ಬಗ್ಗೆ, ಎಂದರೆ ಕಾಲ ಕಳೆದರೂ ಒಂದು ವಸ್ತು ‘ಅದೇ’ ಆಗಿ ಉಳಿಯುವ ಗುಣದ ಬಗ್ಗೆ ನಡೆದ ಪ್ರಸಿದ್ಧ ಚರ್ಚೆಗಳು ಅಲ್ಲಿಯವರೆಗೆ ಹೋದಂತಿಲ್ಲ.

ಅಮೆರಿಕ, ಯುರೋಪುಗಳಲ್ಲಿ ಆಸಕ್ತರು ಹುಡುಕಿ ತಂದು ಮತ್ತೆ ಓಡುವಂತೆ ಮಾಡುವ ಯಂತ್ರಗಳಲ್ಲಿ ಔಟ್‌ಬೋರ್ಡ್ ಎಂಜಿನ್ ಮುಖ್ಯವಾದದ್ದು. ದೋಣಿಯ ಒಡಲೊಳಗೆ ಕೂರಿಸದೆ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ, ಬೇಕಾದಾಗ ಕಳಚಿ ಎತ್ತಿಕೊಂಡು ಹೋಗಬಹುದಾದ ಯಂತ್ರವನ್ನು ಹೀಗೆ ಕರೆಯುತ್ತಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಓಲೆ ಎವಿನ್‌ರೂಡ್ ಮಿಲ್ವಾಕಿ ನಗರದಲ್ಲಿ 1909ರಲ್ಲಿ ರೂಪಿಸಿದ ಒಂದೂವರೆ ಅಶ್ವಶಕ್ತಿಯ ಎಂಜಿನ್ನಿನಿಂದ ಇದರ ವ್ಯಾಪಾರ ದೊಡ್ಡದಾಗಿ ಬೆಳೆಯಿತು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ನಾಡದೋಣಿಗಳಲ್ಲಿ ಇದೇ ಬಗೆಯ ಎಂಜಿನ್ನು 1980ರ ದಶಕದಿಂದೀಚೆಗೆ ವ್ಯಾಪಕವಾಗಿ ಬಳಕೆಗೆ ಬಂದಿದ್ದು, ಪೆಟ್ರೋಲಿನಲ್ಲಿ ಹೊತ್ತಿಸಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಯಂತ್ರಗಳು ಅಲ್ಲಿನ ಮೀನುಗಾರರ ಬದುಕಿನ ಭಾಗವಾಗಿವೆ.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಹುಲಗೂರಿಗೆ ಸಮುದ್ರವಿಲ್ಲ. ಹುಲಗೂರು, ಸವಣೂರು, ಹಾನಗಲ್ಲು, ಹಿರೇಕೆರೂರುಗಳ ಈ ಒಳನಾಡಿನ ಸೀಮೆಯಲ್ಲಿ, ಕರಾವಳಿಯಲ್ಲಿ ಔಟ್‌ಬೋರ್ಡಿಗಿರುವ ಸ್ಥಾನ ಆಯಿಲ್ ಎಂಜಿನ್ನಿನದು. ಬಾವಿಯಿಂದ ನೀರೆತ್ತಲು, ಹಿಟ್ಟಿನ ಗಿರಣಿ ತಿರುಗಿಸಲು, ಕಬ್ಬಿನ ಗಾಣ ನಡೆಸಲು ವಿದ್ಯುತ್ತಿಗಿಂತ ಮೊದಲು ಒದಗಿದ ಡೀಸೆಲ್ ಯಂತ್ರ ಇದು. ಇಂಗ್ಲೆಂಡಿನ ಡರ್ಸ್‌ಲಿಯ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಹೊರತಂದ, ಎರಡು ಭಾರವಾದ ಗಾಲಿಗಳುಳ್ಳ, ಒಂದೇ ಸಿಲಿಂಡರಿನ ಮಾದರಿ ಇವುಗಳಲ್ಲಿ ಪ್ರಸಿದ್ಧವಾದದ್ದು. ಹಿಂದಿನ ಕೆಲವು ಬಗೆಯ ಎಂಜಿನ್ನುಗಳ ತಲೆಯನ್ನು ಮೊದಲು ದೀಪದ ಉರಿಯಿಂದ ಕಾಯಿಸಬೇಕಾಗಿದ್ದರೆ, ಇದನ್ನು ತಣ್ಣಗಿದ್ದಾಗಲೇ ಹ್ಯಾಂಡಲ್ ಹೊಡೆದು ಹೊತ್ತಿಸಬಹುದಾಗಿತ್ತು. ಆರು ಅಶ್ವಶಕ್ತಿಯ ಮಾದರಿ ನಿಮಿಷಕ್ಕೆ 650 ಸುತ್ತುಗಳಷ್ಟು ನಿಧಾನವಾಗಿ ತಿರುಗುತ್ತಿದ್ದುದರಿಂದ ಅದರ ಆಯುಷ್ಯವೂ ಉದ್ದವಾಗಿತ್ತು. ಮೂಲ ಕಂಪನಿ ತಯಾರಿಕೆ ನಿಲ್ಲಿಸಿದ ಮೇಲೂ ಗುಜರಾತಿನ ರಾಜ್‌ಕೋಟ್‌ನ ಕಾರ್ಖಾನೆಗಳು ಅದೇ ಅಳತೆಯ ಎಂಜಿನ್ನುಗಳನ್ನೂ ಬಿಡಿಭಾಗಗಳನ್ನೂ ಮಾಡುತ್ತ ಬಂದವು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಆರಂಭಿಸಿದ, ಕಬ್ಬಿಣದ ನೇಗಿಲಿನಿಂದ ಹೆಸರಾದ ಉದ್ಯಮ ಪುಣೆಯಲ್ಲಿ 1946ರಲ್ಲಿ ಆಯಿಲ್ ಎಂಜಿನ್ನುಗಳ ಕಂಪನಿಯಾಗಿಯೂ ಕವಲೊಡೆದು, ಉತ್ತರ ಕರ್ನಾಟಕದ ಹೊಲಗಳಿಗೆ ಎಂಜಿನ್ನನ್ನು ಇನ್ನಷ್ಟು ಹತ್ತಿರ ತಂದಿತು.

ಯಂತ್ರವನ್ನು ತಾತ್ತ್ವಿಕ ವಿಚಾರದ ವಸ್ತುವಾಗಿ ಕಾಣುವುದು ಈ ನೆಲಕ್ಕೆ ಹೊಸದೇನಲ್ಲ. ಹುಲಗೂರಿನ ಸಂತ ಖಾದರ ಶಾವಲಿಯವರ ಮೇಲೆ ಭಕ್ತಿಯಿಟ್ಟಿದ್ದ ಮನೆಯಲ್ಲಿ 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರು, ಗಿರಣಿಯೆಂಬುದು ಜನರಿಗೆ ಇನ್ನೂ ಬೆರಗಾಗಿದ್ದ ಕಾಲದಲ್ಲೇ ಅದನ್ನು ವಸ್ತುವಾಗಿಟ್ಟುಕೊಂಡು ತತ್ತ್ವಪದ ಕಟ್ಟಿದ್ದರು.

ಭಾಗಗಳು ಬದಲಾದರೂ ವಸ್ತು ಉಳಿಯುತ್ತದೆಯೇ ಎಂಬ ಪ್ರಶ್ನೆಯ ಪ್ರಸಿದ್ಧ ರೂಪ ಗ್ರೀಕ್ ಲೇಖಕ ಪ್ಲೂಟಾರ್ಕನಲ್ಲಿದೆ. ಥೀಸಿಯಸ್‌ನ ಹಡಗಿನ ಕೊಳೆತ ಹಲಗೆಗಳನ್ನು ಅಥೆನ್ಸಿನ ಜನ ಒಂದೊಂದಾಗಿ ಬದಲಿಸುತ್ತ ಬಂದಾಗ ಅದು ಅದೇ ಹಡಗಾಗಿ ಉಳಿಯಿತೇ ಎಂದು ಅಲ್ಲಿನ ಚಿಂತಕರು ವಾದಿಸುತ್ತಿದ್ದರಂತೆ. ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ತೊಡಕು ಸೇರಿಸಿದನು: ತೆಗೆದುಹಾಕಿದ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಅದೇ ಕ್ರಮದಲ್ಲಿ ಮತ್ತೊಂದು ಹಡಗು ಕಟ್ಟಿದರೆ ಎರಡರಲ್ಲಿ ಯಾವುದು ಥೀಸಿಯಸ್‌ನದು? ಭಾರತೀಯ ದರ್ಶನಗಳಲ್ಲಿ ಉತ್ತರಗಳು ಇನ್ನೂ ಖಚಿತವಾಗಿವೆ. ಪಾಳಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನನು, ಅಚ್ಚು, ಗಾಲಿ, ನೊಗಗಳಲ್ಲಿ ಯಾವುದೂ ರಥವಲ್ಲ, ಅವುಗಳನ್ನು ಬಿಟ್ಟು ಬೇರೆ ರಥವೂ ಇಲ್ಲ, ರಥವೆಂಬುದು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು ಎಂದು ತೋರಿಸುತ್ತಾನೆ. ನ್ಯಾಯ-ವೈಶೇಷಿಕರು ಇದಕ್ಕೆ ವಿರುದ್ಧವಾಗಿ, ಅವಯವಗಳೆಂಬ ಭಾಗಗಳಿಗಿಂತ ಅವಯವಿಯೆಂಬ ಇಡಿಯ ವಸ್ತು ಬೇರೆಯೇ ಆದ ನಿಜವಾದ ಪದಾರ್ಥವೆಂದು ಒಪ್ಪುತ್ತಾರೆ. ಆದರೆ ಅವರ ಲೆಕ್ಕದಲ್ಲಿ ಬಟ್ಟೆಯ ಒಂದೆಳೆ ಕಳಚಿದರೂ ಹಳೆಯ ಬಟ್ಟೆ ನಾಶವಾಗಿ ಹೊಸ ಬಟ್ಟೆ ಹುಟ್ಟುತ್ತದೆ. ಈ ಮಾತನ್ನು ಎಂಜಿನ್ನಿಗೆ ಅನ್ವಯಿಸಿದರೆ ಒಂದು ಪ್ಯಾಕಿಂಗ್ ಬದಲಿಸಿದ ಕ್ಷಣದಲ್ಲೇ ಹಳೆಯ ಎಂಜಿನ್ ಇಲ್ಲವಾಗುತ್ತದೆ. ನಾಗಸೇನನನ್ನು ಒಪ್ಪಿದರೆ ಅದು ಹೆಸರಿನಾಚೆಗೆ ಮೊದಲಿನಿಂದಲೂ ಇರಲೇ ಇಲ್ಲ.

ಈ ವಾದಗಳೆಲ್ಲ ಭಾಗಗಳನ್ನು ಒಂದೇ ತೂಕದವೆಂದು ಎಣಿಸುತ್ತವೆ. ಹಲಗೆಗೂ ಹಲಗೆಗೂ, ಎಳೆಗೂ ಎಳೆಗೂ ಅಲ್ಲಿ ಭೇದವಿಲ್ಲ. ಆದರೆ ಎಂಜಿನ್ನಿನ ಒಳಗೆ ಅಂಥ ಸಮಾನತೆ ಇಲ್ಲ. ಯಾವ ಭಾಗ ಮೊದಲು ಹೋಗಬೇಕು, ಯಾವುದು ಕೊನೆಯವರೆಗೆ ನಿಲ್ಲಬೇಕು ಎಂಬುದನ್ನು ಅದನ್ನು ರೂಪಿಸಿದವನೇ ಲೋಹದಲ್ಲಿ ನಿಶ್ಚಯಿಸಿಟ್ಟಿರುತ್ತಾನೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತುವ ಚಲನೆಯಾಗಿಸುವ ಕ್ರ್ಯಾಂಕ್ ಗಟ್ಟಿ ಉಕ್ಕಿನದಾಗಿದ್ದರೆ, ಅದನ್ನು ಅಪ್ಪಿ ಹಿಡಿಯುವ ಬೇರಿಂಗಿನ ಒಳಮೈಗೆ ಬಿಳಿ ಲೋಹವೆಂಬ ಮೆತುವಾದ ಮಿಶ್ರಣವನ್ನು ಬಳಿದಿರುತ್ತಾರೆ; ಎಣ್ಣೆ ಕಡಿಮೆಯಾದಾಗ ಅಥವಾ ಕಸ ಸಿಕ್ಕಾಗ ಮೆತ್ತಗಿನದು ತಾನು ಸವೆದು, ಬದಲಿಸಲು ದುಬಾರಿಯಾದ ಕ್ರ್ಯಾಂಕನ್ನು ಉಳಿಸಲೆಂಬುದೇ ಇದರ ಉದ್ದೇಶ. ಸಿಲಿಂಡರಿನ ಒಳಗೋಡೆಯ ಸವೆತ ಇಡೀ ಬ್ಲಾಕನ್ನು ಕೆಡಿಸದಿರಲೆಂದೇ ಅನೇಕ ಎಂಜಿನ್ನುಗಳಲ್ಲಿ ಲೈನರ್ ಎಂಬ ಬೇರೆ ಕೊಳವೆಯನ್ನು ಕೂರಿಸಿರುತ್ತಾರೆ. ಔಟ್‌ಬೋರ್ಡಿನಲ್ಲಿ ಈ ವಿಚಾರ ಇನ್ನೂ ನೇರವಾಗಿ ಕಾಣುತ್ತದೆ. ನೀರಿನಡಿಯ ಪ್ರೊಪೆಲರನ್ನು, ಎಂದರೆ ದೋಣಿಯನ್ನು ತಳ್ಳುವ ತಿರುಗು ರೆಕ್ಕೆಯನ್ನು, ಹಳೆಯ ಮಾದರಿಗಳಲ್ಲಿ ದಂಡಕ್ಕೆ ಜೋಡಿಸಿರುವುದು ಚಿಕ್ಕದೊಂದು ಪಿನ್ನು. ರೆಕ್ಕೆ ಬಂಡೆಗೆ ಬಡಿದರೆ ಮೊದಲು ಮುರಿಯಬೇಕಾದದ್ದು ಅದೇ, ಮುರಿದು ಒಳಗಿನ ಗೇರುಗಳನ್ನು ಕಾಯಬೇಕಾದದ್ದೂ ಅದೇ. ಉಪ್ಪುನೀರಿನಲ್ಲಿ ಓಡುವ ಎಂಜಿನ್ನಿನ ಮೈಗೆ ಸತುವಿನ ತುಂಡೊಂದನ್ನು ಬಿಗಿದಿರುತ್ತಾರೆ. ನೀರಿನಲ್ಲಿ ನಡೆಯುವ ವಿದ್ಯುತ್-ರಾಸಾಯನಿಕ ಕ್ರಿಯೆಯಲ್ಲಿ ಅಲ್ಯೂಮಿನಿಯಂ ಮೈಗಿಂತ ಮೊದಲು ಸತುವು ಕರಗುವುದರಿಂದ, ಅದು ಕರಗುತ್ತಿರುವವರೆಗೆ ಎಂಜಿನ್ ಉಳಿಯುತ್ತದೆ.

ಪಿನ್ನಿಗೂ ಬೇರಿಂಗಿಗೂ ಸತುವಿಗೂ ಸವೆಯುವುದೇ ಕೆಲಸ. ಅವುಗಳನ್ನು ಬದಲಿಸಿದಾಗ ಯಂತ್ರದ ಅನನ್ಯತೆಗೆ ಭಂಗ ಬರುತ್ತದೆಂದು ಹೇಳುವುದು, ಯಂತ್ರ ತನ್ನ ಸ್ವಭಾವದಂತೆ ನಡೆದುಕೊಂಡಾಗಲೆಲ್ಲ ತಾನಲ್ಲವಾಗುತ್ತದೆ ಎಂದು ಹೇಳಿದಂತೆ. ನ್ಯಾಯ-ವೈಶೇಷಿಕರ ಅವಯವಿಯನ್ನು ಒಪ್ಪುತ್ತಲೇ ಅವರ ಕಠಿಣ ನಿಯಮವನ್ನು ಇಲ್ಲಿ ಬಿಡಬೇಕಾಗುತ್ತದೆ: ಇಡಿಯೆಂಬುದು ನಿಜವಾಗಿಯೂ ಇದೆ, ಆದರೆ ತನ್ನ ಯಾವ ಭಾಗಗಳನ್ನು ಕಳೆದುಕೊಂಡು ಉಳಿಯಬಲ್ಲೆನೆಂಬುದು ಅದರ ರಚನೆಯಲ್ಲೇ ಅಡಗಿದೆ.

ಈ ಉತ್ತರಕ್ಕೂ ಒಂದು ಎಲ್ಲೆಯಿದೆ. ಲೈನರು, ಬೇರಿಂಗುಗಳಾಚೆಗೆ ಕ್ರ್ಯಾಂಕೇ ಮುರಿದರೆ, ಆಮೇಲೊಂದು ದಿನ ಎಲ್ಲವನ್ನೂ ಹೊತ್ತ ಕ್ರ್ಯಾಂಕ್‌ಕೇಸೂ ಬಿರಿದರೆ, ರೂಪಿಸಿದವನ ಶ್ರೇಣಿ ಸಹಾಯಕ್ಕೆ ಬರುವುದಿಲ್ಲ. ಗುಜರಿ ಅಂಗಡಿಯಲ್ಲಿ ಹಾಬ್ಸ್‌ನ ಎರಡನೆಯ ಹಡಗು ಕಲ್ಪನೆಯಾಗಿ ಉಳಿಯುವುದೂ ಇಲ್ಲ. ಒಂದು ಎಂಜಿನ್ನಿನ ಗಾಲಿ, ಇನ್ನೊಂದರ ಬ್ಲಾಕು, ಮತ್ತೊಂದರ ಹೆಡ್ಡು ಸೇರಿ ಓಡುವ ಯಂತ್ರವಾಗುವುದು ಅಲ್ಲಿ ಸಾಮಾನ್ಯ ಸಂಗತಿ. ಇಂಥ ಕಡೆ ಅನನ್ಯತೆಯನ್ನು ನಿರ್ಧರಿಸುವುದು ಕೆಲಸದ ಮತ್ತು ಆರೈಕೆಯ ಅವಿಚ್ಛಿನ್ನತೆ ಎಂದು ತೋರುತ್ತದೆ. ಒಂದೇ ಬಾವಿಯ ಮೇಲೆ ಅಥವಾ ಒಂದೇ ಗಿರಣಿಯಲ್ಲಿ, ಅದರ ಹಿಂದಿನ ರೋಗಗಳನ್ನು ಬಲ್ಲವರ ಕೈಯಲ್ಲಿ, ಒಂದು ದುರಸ್ತಿಯ ಮೇಲೆ ಇನ್ನೊಂದು ದುರಸ್ತಿಯಾಗುತ್ತ ಬಂದ ಎಂಜಿನ್ನು ಎಷ್ಟು ಬದಲಾದರೂ ಅದೇ. ಅದರ ತ್ಯಜಿಸಿದ ಭಾಗಗಳಿಂದ ಬೇರೆಡೆ ಜೋಡಿಸಿದ್ದು, ಲೋಹವೆಲ್ಲ ಹಳೆಯದಾಗಿದ್ದರೂ, ಹೊಸ ಜನ್ಮ. ಆಗಮಶಾಸ್ತ್ರದ ಜೀರ್ಣೋದ್ಧಾರ ವಿಧಿಯಲ್ಲಿ ಇದಕ್ಕೆ ಸಮೀಪದ ಅರಿವಿದೆ: ಗುಡಿಯನ್ನು ಬಿಚ್ಚುವ ಮೊದಲು ಮೂರ್ತಿಯ ಕಳೆಯನ್ನು ಕಲಶದ ನೀರಿಗೆ ಆವಾಹಿಸಿ, ಕೆಲಸ ಮುಗಿದ ಮೇಲೆ ಮರಳಿ ಪ್ರತಿಷ್ಠಾಪಿಸುವಾಗ, ಪೂಜೆಯ ಸಾತತ್ಯ ಕಲ್ಲಿನ ಸಾತತ್ಯಕ್ಕಿಂತ ದೊಡ್ಡದೆಂದು ಒಪ್ಪಿದಂತಾಗುತ್ತದೆ.

ಯಂತ್ರವನ್ನು ಕಾಪಾಡುವ ಬಗೆಯ ಮೇಲೂ ಇದರ ಪರಿಣಾಮವಿದೆ. ಸ್ಮಾರಕಗಳ ಸಂರಕ್ಷಣೆಗೆ 1964ರ ವೆನಿಸ್ ಸನ್ನದು ಹಾಕಿಕೊಟ್ಟ ಮಾರ್ಗದಲ್ಲಿ ಮೂಲ ದ್ರವ್ಯಕ್ಕೆ ಅಗ್ರಸ್ಥಾನ. ಊಹೆ ಎಲ್ಲಿ ಆರಂಭವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದೆಂದು ತಿಳಿಯುವಂತಿರಬೇಕು ಎಂಬುದು ಅದರ ಆಶಯ. ಶಿಗ್ಗಾಂವಿ ತಾಲೂಕಿನದೇ ಆದ ಬಂಕಾಪುರದ ನಗರೇಶ್ವರ ಗುಡಿಗೆ ಈ ಮಾರ್ಗ ಪೂರ್ತಿ ಒಪ್ಪುತ್ತದೆ, ಏಕೆಂದರೆ ಅದರ ಕಂಬಗಳ ಕೆಲಸ ನಿಲ್ಲುವುದು, ಅವುಗಳನ್ನು ಮುಟ್ಟದಿದ್ದಷ್ಟೂ ಒಳ್ಳೆಯದು. ಎಂಜಿನ್ನಿಗೆ ನಿಲ್ಲುವುದೇ ಕೇಡು. ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯ ಎಣ್ಣೆ ಜಾರಿ ಇಳಿದು, ಅಲ್ಲಿ ತೇವ ಕೂತು, ರಿಂಗುಗಳು ತುಕ್ಕಿನಿಂದ ಕಚ್ಚಿಕೊಂಡು ಪಿಸ್ಟನ್ ಜಾಮ್ ಆಗುತ್ತದೆ. ಡೀಸೆಲ್ಲನ್ನು ಸಿಂಪಡಿಸುವ ನಾಝಲ್ ಅಂಟಿಕೊಳ್ಳುತ್ತದೆ. ಔಟ್‌ಬೋರ್ಡಿನಲ್ಲಿ ತಂಪಿಗಾಗಿ ನೀರು ಸೆಳೆಯುವ ರಬ್ಬರಿನ ಇಂಪೆಲರ್ ಬಾಗಿದ ಕಡೆಯೇ ಗಟ್ಟಿಯಾಗಿ ಸೀಳುತ್ತದೆ. ಬಣ್ಣ ಬಳಿದು ಗಾಜಿನ ಹಿಂದೆ ಇಟ್ಟ ಎಂಜಿನ್ನು ಹೊರಗಿನಿಂದ ಹೊಳೆಯುತ್ತಲೇ ಒಳಗಿನಿಂದ ಎಂಜಿನ್ನಾಗಿರುವುದನ್ನು ಬಿಡುತ್ತಿರುತ್ತದೆ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದುಂಟು. ಓಡಿಸಿದಾಗಲೆಲ್ಲ ಮೂಲದ ಲೋಹ ಅಷ್ಟಷ್ಟು ಕಳೆದುಹೋಗುವುದರಿಂದ, ಹಳೆಯ ಎರಕದ ಗುಣ, ಕಾರ್ಖಾನೆಯ ಉಪಕರಣ ಬಿಟ್ಟ ಗೆರೆ ಮೊದಲಾದ ಸಾಕ್ಷ್ಯಗಳು ಅಳಿಯುತ್ತವೆ. ಆ ಸಾಕ್ಷ್ಯವನ್ನು ಅಳಿಸುವ ಹಕ್ಕು ಈಗಿನವರಿಗಿಲ್ಲ ಎಂದು ಸಂರಕ್ಷಕರು ಹೇಳುತ್ತಾರೆ. ಒಂದು ಮಾದರಿಯಲ್ಲಿ ಒಂದೇ ಒಂದು ಎಂಜಿನ್ ಉಳಿದಿದ್ದರೆ ಅವರ ಮಾತನ್ನು ಒಪ್ಪಲೇಬೇಕು. ಆದರೆ ಅಸಂಖ್ಯವಾಗಿ ತಯಾರಾದ ಆಯಿಲ್ ಎಂಜಿನ್ನಿನಂಥ ಯಂತ್ರದಲ್ಲಿ ಅತ್ಯಂತ ವಿರಳವಾದದ್ದು ಲೋಹವಲ್ಲ, ಅದನ್ನು ಓಡಿಸುವ ಕೈ. ಹೊಗೆ, ಸದ್ದು, ತೆರೆದ ಗಾಲಿಯ ಅಪಾಯ ಇವೆಲ್ಲವೂ ನಿಜವಾದ್ದರಿಂದ ನೀರಾವರಿಗೆ ಈ ಎಂಜಿನ್ನುಗಳು ಮರಳಬೇಕೆಂದು ಯಾರೂ ವಾದಿಸಬೇಕಾಗಿಲ್ಲ. ತೆರೆದ ಗಾಲಿಯ ಮುಂದೆ ಕಟಕಟೆ ಕಟ್ಟಿ ಆಗಾಗ ಓಡಿಸಿದರೂ ಸಾಕು, ಆ ಕೈಯ ಅಭ್ಯಾಸ ಉಳಿಯುತ್ತದೆ.

ಆ ಕೈಯ ತಿಳಿವಳಿಕೆ ಎಂಥದೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಎಂಜಿನ್ ಹೊತ್ತಿಸುವವನು ವಾಲ್ವನ್ನು ಲಿವರಿನಿಂದ ತೆರೆದಿಟ್ಟು ಹ್ಯಾಂಡಲ್ ಸುತ್ತುತ್ತಾನೆ. ಸಿಲಿಂಡರಿನ ಗಾಳಿ ಹೊರಹೋಗುತ್ತಿರುವುದರಿಂದ ಗಾಲಿ ಹಗುರಾಗಿ ತಿರುಗಿ ವೇಗ ಪಡೆಯುತ್ತದೆ. ಆ ವೇಗ ಸಾಕಾಯಿತೆಂದು ತೋಳಿಗೆ ತಿಳಿದ ಕ್ಷಣದಲ್ಲಿ ಲಿವರ್ ಬಿಟ್ಟರೆ ಒತ್ತಡಕ್ಕೆ ಸಿಕ್ಕ ಗಾಳಿ ಕಾದು ಡೀಸೆಲ್ಲಿಗೆ ಬೆಂಕಿ ಹೊತ್ತುತ್ತದೆ. ಎಷ್ಟು ವೇಗ ಸಾಕೆಂಬುದನ್ನು ಪುಸ್ತಕದಿಂದ ಕಲಿಯಲಾಗದು. ಹಾಗೆಯೇ ನಾಝಲ್ ಸರಿಯಾಗಿ ಸಿಂಪಡಿಸುತ್ತಿದೆಯೇ, ಬೇರಿಂಗಿನಲ್ಲಿ ಸಡಿಲ ಬಂದಿದೆಯೇ ಎಂಬುದನ್ನು ಅನುಭವಿ ಮಿಸ್ತ್ರಿ ಸದ್ದಿನಿಂದಲೂ ಹೊಗೆಯ ಬಣ್ಣದಿಂದಲೂ ಹೇಳುತ್ತಾನೆ. ತುಂಗಭದ್ರೆಯ ದಂಡೆಯ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್‌ಗಳಿಗೆ, ಎಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರಗಳಿಗೆ ಹೆಸರಾಗಿತ್ತು. ಈ ಶತಮಾನದ ಆರಂಭದ ಹೊತ್ತಿಗೆ ಆ ಕಾರ್ಖಾನೆ ನಿಂತುಹೋಯಿತು. ಅದರ ಲೇಥಿನ ಮುಂದೆ ನಿಂತು ಸವೆದ ಬುಶ್ಶಿನ ಬದಲು ಹೊಸದನ್ನು ಕಡೆದುಕೊಡಬಲ್ಲ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ.

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಊರಿನ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಸಿಮೆಂಟಿನ ಆಕೃತಿಗಳಲ್ಲಿ ನೋಡಬಹುದು. ಬೀಸುವ ಕಲ್ಲಿನ ಪದಗಳನ್ನು ಜಾನಪದ ವಿದ್ವಾಂಸರು ಎಷ್ಟು ಶ್ರದ್ಧೆಯಿಂದ ಸಂಗ್ರಹಿಸಿದರೆಂಬುದು ಕನ್ನಡಿಗರಿಗೆಲ್ಲ ತಿಳಿದಿದೆ. ಆ ಪದಗಳನ್ನು ಮನೆಯ ಮೂಲೆಗೆ ಸರಿಸಿದ್ದು ಹಿಟ್ಟಿನ ಗಿರಣಿ. ಆ ಗಿರಣಿಯನ್ನು ತಿರುಗಿಸಿದ ಎಂಜಿನ್ನಿಗೆ ಈಗ ಅದೇ ಗತಿ ಬಂದಿರುವಾಗ, ಅದನ್ನು ಬಲ್ಲವರ ತಿಳಿವಳಿಕೆಯೂ ಜಾನಪದವೇ ಎಂದು ಒಪ್ಪಲು ಹಿಂಜರಿಯಬೇಕಾಗಿಲ್ಲ. ಅದನ್ನು ಆಕೃತಿಯಲ್ಲಿ ಹಿಡಿಯಲಾಗದು, ಬರಿಯ ಧ್ವನಿಮುದ್ರಣವೂ ಸಾಲದು. ವಿಶ್ವವಿದ್ಯಾಲಯದ ಅಂಗಳದಲ್ಲಿ ಓಡುವ ಎಂಜಿನ್ನೊಂದಿರಬೇಕು, ಯಾವ ಭಾಗವನ್ನು ಯಾವಾಗ ಯಾರು ಏಕೆ ಬದಲಿಸಿದರೆಂಬ ದಫ್ತರ ಅದರ ಪಕ್ಕದಲ್ಲಿರಬೇಕು, ತೆಗೆದ ಹಳೆಯ ಭಾಗಗಳಿಗೆ ಚೀಟಿ ಅಂಟಿಸಿ ಕಪಾಟಿನಲ್ಲಿಡಬೇಕು, ಮತ್ತು ಹಿರಿಯ ಮಿಸ್ತ್ರಿಯೊಬ್ಬನನ್ನು ಸಂಬಳ ಕೊಟ್ಟು ಗುರುವಾಗಿ ನೇಮಿಸಿ, ಅವನ ಕೈಕೆಳಗೆ ವಿದ್ಯಾರ್ಥಿಗಳು ಹ್ಯಾಂಡಲ್ ಹೊಡೆಯುವುದನ್ನು ಕಲಿಯಬೇಕು.