ಚೆಂಡು ಬಿದ್ದ ಜಾಗ

ಖುಷಿಗೆಂದು ಗಾಲ್ಫ್ ಆಡಲು ಹೋದವರು ಎಷ್ಟೋ ಸಲ ಮುಖ ಗಂಟಿಕ್ಕಿಕೊಂಡು ಮರಳುತ್ತಾರೆ. ಯಾಕೆ? 18 ಕುಳಿಗಳ ಒಂದು ಸುತ್ತಿಗೆ ಸುಮಾರು 4 ಗಂಟೆ ಬೇಕು. ಹೊಡೆತವೊಂದಕ್ಕೆ 2 ಸೆಕೆಂಡು ಎಂದುಕೊಂಡರೂ 90 ಹೊಡೆತಗಳಿಗೆ ಮೂರೇ ನಿಮಿಷ. ಉಳಿದದ್ದೆಲ್ಲ ನಡಿಗೆ, ಕಾಯುವಿಕೆ, ಯೋಚನೆ. ಕ್ರಿಕೆಟ್ಟಿನಲ್ಲಾದರೆ ಬೌಲರ್ ಚೆನ್ನಾಗಿ ಎಸೆದ ಎನ್ನಬಹುದು. ಇಲ್ಲಿ ಚೆಂಡು ಅಲುಗದೆ ಕೂತಿರುತ್ತದೆ. ದೂರಲು ಸಿಗುವುದು ನಾವೇ.

ಆ ಸಿಟ್ಟಿನೊಳಗೆ ಒಂದು ವಾದ ಅಡಗಿದೆ: 'ನಾನು ಹೀಗೆ ಆಡುವವನೇ ಅಲ್ಲ.' ನೇರವಾಗಿ ಹಾರಿದ ಒಂದು ಚೆಂಡು ನನ್ನದು, ಪೊದೆ ಸೇರಿದ ಹತ್ತು ಆಕಸ್ಮಿಕ. ಪ್ರಬಂಧ ಬರೆಯುವ ನನ್ನಂಥ ಸಂಶೋಧಕರಿಗೂ ಈ ವಾದ ಚೆನ್ನಾಗಿ ಗೊತ್ತು. ಒಳ್ಳೆಯ ಒಂದು ಪ್ಯಾರಾ ನಮ್ಮ ಪ್ರತಿಭೆ, ಉಳಿದ ಪುಟಗಳು ನಮ್ಮ ಗ್ರಹಚಾರ.

ಆಟದ ಲೆಕ್ಕ ಈ ವಾದವನ್ನು ಒಪ್ಪುವುದಿಲ್ಲ. 2020ರಲ್ಲಿ ಜಾರಿಗೆ ಬಂದ ಹ್ಯಾಂಡಿಕ್ಯಾಪ್ ಪದ್ಧತಿ ಕಳೆದ 20 ಸುತ್ತುಗಳಲ್ಲಿ ಉತ್ತಮವಾದ 8ನ್ನು ಮಾತ್ರ ಆರಿಸಿ ಸರಾಸರಿ ತೆಗೆಯುತ್ತದೆ. ಅಂದರೆ ಅದು ನಮ್ಮ ಒಳ್ಳೆಯ ದಿನಗಳ ಅಳತೆ. ಹೆಚ್ಚಿನ ದಿನ ಅದಕ್ಕಿಂತ ಕೆಳಗೆ ಆಡುವುದೇ ಸಹಜ. ಸಹಜವಾದದ್ದನ್ನು ಅವಮಾನವೆಂದು ತಿಳಿದರೆ ತಪ್ಪು ತೋಳಿನದಲ್ಲ, ಎಣಿಕೆಯದು.

ಹವ್ಯಾಸಿಯಾಗಿ ಆಡಿದ ಅಮೆರಿಕದ ಬಾಬಿ ಜೋನ್ಸ್ 1921ರಲ್ಲಿ, 19ರ ವಯಸ್ಸಿನಲ್ಲಿ, ಸೇಂಟ್ ಆಂಡ್ರೂಸ್‌ನ ಮರಳುಗುಂಡಿಯಲ್ಲಿ ಸಿಕ್ಕಿಕೊಂಡು, ಬೇಸತ್ತು ಚೆಂಡನ್ನೆತ್ತಿಕೊಂಡು ಸ್ಪರ್ಧೆಯಿಂದ ಹೊರಬಿದ್ದರು. 1925ರ ಯು.ಎಸ್. ಓಪನ್‌ನಲ್ಲಿ ಹೊಡೆಯಲು ನಿಂತಾಗ ಚೆಂಡು ಚೂರೇ ಚೂರು ಸರಿಯಿತು. ಬೇರೆ ಯಾರೂ ಕಂಡಿರಲಿಲ್ಲ. ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಪಂದ್ಯ ಸಮವಾಗಿ, ನಿರ್ಣಾಯಕ ಸುತ್ತುಗಳಲ್ಲಿ ಒಂದೇ ಹೊಡೆತದಿಂದ ಸೋತರು.

ಇದನ್ನು ಪ್ರಾಮಾಣಿಕತೆಯ ಕಥೆಯಾಗಿ ಹೇಳುವುದು ರೂಢಿ. ನನಗೆ ಇದು ನೆಮ್ಮದಿಯ ಕಥೆಯಾಗಿಯೂ ಕಾಣುತ್ತದೆ. ಚೆಂಡನ್ನೆತ್ತಿಕೊಂಡ ಹುಡುಗನಿಗೆ ಆದದ್ದನ್ನು ಒಪ್ಪಲಾಗಲಿಲ್ಲ. ದಂಡ ಕಟ್ಟಿದವರು ಆದದ್ದನ್ನು ಆದಂತೆಯೇ ಬರೆದುಕೊಂಡರು. ಚೆಂಡು ಬಿದ್ದಲ್ಲಿಂದಲೇ ಆಡಬೇಕೆಂಬುದು ಗಾಲ್ಫಿನ ಮೂಲ ನಿಯಮ. ಮನಸ್ಸಿಗೂ ಅದಕ್ಕಿಂತ ಒಳ್ಳೆಯ ನಿಯಮ ಸಿಗಲಿಕ್ಕಿಲ್ಲ.

ಹಾಗಾದರೆ ಇದ್ದದ್ದರಲ್ಲೇ ತೃಪ್ತಿಪಟ್ಟು ಸೋಮಾರಿಯಾಗಬೇಕೇ? ಇಲ್ಲ. ಚೆಂಡು ಎಲ್ಲಿದೆ ಎಂದು ಒಪ್ಪುವುದು ಬೇರೆ, ಅದು ಅಲ್ಲೇ ಇರಲಿ ಎನ್ನುವುದು ಬೇರೆ. ಮರದ ಹಿಂದೆ ಬಿದ್ದ ಚೆಂಡನ್ನು ಬಯಲಿನಲ್ಲಿದೆ ಎಂದು ಭಾವಿಸಿ ಹೊಡೆಯುವವನಿಗೆ ಮರವೇ ಉತ್ತರ ಕೊಡುತ್ತದೆ. ಸ್ಥಾನ ಒಪ್ಪಿಕೊಂಡವನಿಗೆ ಮಾತ್ರ ಗುರಿ ಹಿಡಿಯಲು ಸಾಧ್ಯ.

ಹೊಡೆಯುವ ಮುನ್ನ ಪೂರ್ತಿ ಗಮನ ಕೊಡೋಣ. ಹೊಡೆದ ಮೇಲೆ ಚೆಂಡು ಎಲ್ಲಿ ಬಿತ್ತೆಂದು ನೋಡಿ, ಎಣಿಸಿ, ನಡೆಯೋಣ. ಆ 4 ಗಂಟೆಯಲ್ಲಿ ಹೆಚ್ಚು ಪಾಲು ನಡಿಗೆಯೇ ತಾನೆ? ಅದನ್ನು ನಮ್ಮ ಮೇಲೆ ನಾವೇ ಹೂಡಿದ ಮೊಕದ್ದಮೆಯ ವಿಚಾರಣೆಗೆ ಕಳೆಯುವುದು ಬೇಡ.